ಪುಸ್ತಕ ಮುಚ್ಚಿಟ್ಟು ಬರೆದ ಉತ್ತರ

ಮಾದನಾಯಕನಹಳ್ಳಿ
18 ಆಗಸ್ಟ್ 2024, ಭಾನುವಾರ

ದೀಪು,

ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದವಳು ಕಾರವಾರ ಮುಟ್ಟುವ ಹೊತ್ತಿಗೆ ಸುಧಾರಿಸಿಕೊಂಡಿರುತ್ತೀಯ ಅಂದುಕೊಂಡಿದ್ದೇನೆ. ನಾಲ್ಕು ಸಬ್ಜೆಕ್ಟು ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಕಣಮ್ಮ. ಆದರೆ ಜನವರಿಯಲ್ಲಿ ಆ ನಾಲ್ಕನ್ನೂ ಈ ಸಲದ ಐದನ್ನೂ ಎತ್ತಿಕೊಳ್ಳದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತೀಯ ಎಂದು ನಿಮ್ಮ ಮೇಷ್ಟ್ರು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ನಮ್ಮ ಮನೆತನದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವಳು ನೀನೊಬ್ಬಳೇ. ಅರ್ಧಕ್ಕೆ ಇಳಿದು ಬರಬಾರದು.

ಓದಿಗೆ ಅಡ್ಡಿ ಎಂದು ನಾನು ಇಸ್ಕೊಂಡ ನಿನ್ನ ಫೋನು ಬೀರುವಿನಲ್ಲಿ ಭದ್ರವಾಗಿದೆ. ಭಾನುವಾರ ನಿನ್ನ ರೂಂಮೇಟ್ ಫೋನಿನಿಂದ ಅಮ್ಮನ ಜೊತೆ ಮಾತಾಡು. ನನಗೆ ಮಾತ್ರ ಪತ್ರ ಬರಿ. ಯಾಕೆಂದು ಹೇಳುತ್ತೇನೆ.

ಪೀಣ್ಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಕಬ್ಬಿಣ ಕಡೆಯುವ ಲೇಥ್ ಮುಂದೆ ನಿಂತಿದ್ದೇನೆ. ಐಟಿಐ ಮುಗಿಸಿ ಬರುವ ಹುಡುಗರಿಗೆಲ್ಲ ಕೆಲಸ ಕಲಿಸುವುದು ನಾನೇ. "ಅರ್ಥ ಆಯ್ತೇನ್ರೋ?" ಎಂದು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎಲ್ಲರೂ "ಆಯ್ತು ಸಾರ್" ಅಂತಾರೆ. ಹೇಳಿಕೊಟ್ಟ ದಿನ ಒಂದು ಪ್ರಶ್ನೆ ಕೇಳುತ್ತೇನೆ. ಎಂಟು ದಿನ ಬಿಟ್ಟು ಅದೇ ಪ್ರಶ್ನೆ. ತಿಂಗಳು ಬಿಟ್ಟು ಮತ್ತೆ ಅದೇ. ಮೊದಲನೇ ಸಲ ಬಾಯಿಪಾಠ ಒಪ್ಪಿಸುತ್ತಾರೆ. ಎರಡನೇ ಸಲ ತಡವರಿಸುತ್ತಾರೆ. ಮೂರನೇ ಸಲ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಆಮೇಲೆ ಅದು ಜನ್ಮಕ್ಕೂ ತಲೆಯಿಂದ ಹೋಗುವುದಿಲ್ಲ. ನಿನಗೂ ಇದೇ ಮದ್ದು. ನಾನು ಪ್ರಶ್ನೆ ಬರೆಯುತ್ತೇನೆ, ನೀನು ಪುಸ್ತಕ ಮುಚ್ಚಿಟ್ಟು ಉತ್ತರ ಬರಿ. ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ನಿನ್ನ ಪುಸ್ತಕದಲ್ಲಿರುವುದು ಇಂಗ್ಲಿಷು. ನನಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದರೆ ಮಾತ್ರ ನಿನಗೆ ಅರ್ಥವಾಗಿದೆ ಎಂದು ಒಪ್ಪುತ್ತೇನೆ.

ಮೊದಲನೇ ಪ್ರಶ್ನೆ. ಯೀಲ್ಡ್ ಪಾಯಿಂಟ್ ಅಂದರೆ ಏನು?

ಅಪ್ಪ

—

ಕಾರವಾರ
27 ಆಗಸ್ಟ್ 2024

ಅಪ್ಪಾ,

ಸ್ಕೂಲಿನಲ್ಲಿ ಕಲಿಸಿದ ತೀರ್ಥರೂಪು ಗೀರ್ಥರೂಪು ಎಲ್ಲ ಹಾಕಿದರೆ ನೀನೇ ಬಿದ್ದು ಬಿದ್ದು ನಗುತ್ತೀಯ, ಅದಕ್ಕೇ ಬಿಟ್ಟಿದ್ದೇನೆ. ನಿನ್ನ ಪತ್ರ ಬಂದಾಗ ಹಾಸ್ಟೆಲ್ಲಿನಲ್ಲಿ ದೊಡ್ಡ ಸುದ್ದಿ. ನನ್ನ ರೂಂಮೇಟ್ ಲಾವಣ್ಯ, "ಈ ಕಾಲದಲ್ಲಿ ಪತ್ರಾನಾ? ನಿಮ್ಮಪ್ಪ ಸಕ್ಕತ್ ಆಸಾಮಿ ಕಣೇ" ಅಂದಳು. ಅವಳು ಓದುವುದೆಂದರೆ ಹಳದಿ, ಗುಲಾಬಿ, ಹಸಿರು ಪೆನ್ನಿನಲ್ಲಿ ಗೆರೆ ಎಳೆಯುವುದು. ಪುಸ್ತಕ ನೋಡಿದರೆ ಹೋಳಿ ಆಡಿ ಬಂದ ಹಾಗಿದೆ. ನಗಬೇಡ, ನಾನೂ ಅದನ್ನೇ ಮಾಡುತ್ತಿದ್ದೆ.

ನೀನು ಹೇಳಿದ ಹಾಗೆ ಎರಡು ಗಂಟೆ ಓದಿ ಪುಸ್ತಕ ಮುಚ್ಚಿ ಬರೆಯಲು ಕೂತೆ. ಬಂದದ್ದು ನಾಲ್ಕೇ ಸಾಲು. ಇಷ್ಟು ದಿನ ಓದುತ್ತಿದ್ದೆನೋ, ಪುಸ್ತಕ ನೋಡುತ್ತಾ ಕೂತಿದ್ದೆನೋ! ಸಿಟ್ಟಿಗೆ ಮತ್ತೆ ಓದಿದೆ, ಮತ್ತೆ ಮುಚ್ಚಿದೆ. ಮೂರನೇ ಸಲಕ್ಕೆ ಒಂದು ಪುಟ ಬಂತು.

ಉತ್ತರ ತಗೋ. ಕಬ್ಬಿಣದ ಸರಳನ್ನು ಎರಡೂ ಕಡೆಯಿಂದ ಎಳೆದರೆ ಸ್ವಲ್ಪ ಉದ್ದವಾಗುತ್ತದೆ. ಬಿಟ್ಟರೆ ಮೊದಲಿನ ಅಳತೆಗೆ ಬರುತ್ತದೆ. ಒಂದು ಮಟ್ಟ ದಾಟುವವರೆಗೆ ಎಳೆದರೆ, ಬಿಟ್ಟರೂ ವಾಪಸ್ ಬರುವುದಿಲ್ಲ. ಆ ಮಟ್ಟಕ್ಕೆ ಯೀಲ್ಡ್ ಪಾಯಿಂಟ್ ಅನ್ನುತ್ತಾರೆ. ನೋಡದೆ ಬರೆದಿದ್ದೇನೆ, ಆಣೆ.

ದೀಪು

—

ಮಾದನಾಯಕನಹಳ್ಳಿ
8 ಸೆಪ್ಟೆಂಬರ್ 2024

ದೀಪು,

ಭೇಷ್. ನಿನ್ನ ಉತ್ತರವನ್ನು ಫ್ಯಾಕ್ಟರಿಗೆ ತಗೊಂಡು ಹೋಗಿ ಪಕ್ಕದ ಮೆಷಿನ್ನಿನ ಚಿಕ್ಕಬೈರಪ್ಪನಿಗೆ ಓದಿ ಹೇಳಿದೆ. "ಲಕ್ಷ್ಮಯ್ಯಣ್ಣ, ನಿನ್ ಮಗಳು ನಮ್ಗೇ ಪಾಠ ಮಾಡೋ ಅಂಗಾದ್ಲಲ್ಲ" ಅಂದ. ಅವನ ಮಗಳಿಗೆ ನೆಲಮಂಗಲದ ಕಡೆ ಗಂಡು ಗೊತ್ತಾಗಿದೆ. ಫೆಬ್ರವರಿಯಲ್ಲಿ ಮದುವೆ.

ಒಂದೇ ಪುಸ್ತಕ ಹಿಡಿದು ದಿನವೆಲ್ಲ ಕೂರಬೇಡ. ಮುಕ್ಕಾಲು ಗಂಟೆ ಲೆಕ್ಕ ಮಾಡು, ಎದ್ದು ಓಡಾಡು, ಬೇರೆ ಸಬ್ಜೆಕ್ಟ್ ತಗೋ. ಒಂದೇ ಥರದ ಬಿಡಿಭಾಗದ ಜಾಬ್ ಇನ್ನೂರು ಕಡೆದ ಹುಡುಗನಿಗೆ ಇನ್ನೂರ ಒಂದನೆಯದು ಬದಲಾದರೆ ಕೈ ಓಡುವುದಿಲ್ಲ. ಹಾಗೆಯೇ ಹತ್ತೂವರೆಗೆ ಮಲಗು. ನಿದ್ದೆಗೆಟ್ಟು ಓದಿದ್ದು ಮಾರನೇ ದಿನಕ್ಕೇ ಮಾಯ.

ಯೀಲ್ಡ್ ಪಾಯಿಂಟ್ ಅಂದರೆ ಏನು? ಹೊಸದು: ಶಾಖ, ಉಷ್ಣತೆ ಎರಡೂ ಒಂದೇನಾ?

ಅಪ್ಪ

—

ಕಾರವಾರ
20 ಸೆಪ್ಟೆಂಬರ್ 2024

ಅಪ್ಪಾ,

ನೀನು ಪಿನ್ ಕೋಡ್ ಜಾಗದಲ್ಲಿ ನಮ್ಮನೆಯದನ್ನೇ ಬರೆದುಬಿಟ್ಟಿದ್ದೆ. ಪತ್ರ ಎಲ್ಲೆಲ್ಲೋ ಸುತ್ತಿಕೊಂಡು ನಿನ್ನೆ ಬಂತು. ನನಗೆ ಹುಷಾರಾಗಿ ಬರಿ ಅನ್ನುವವನು ನೀನೇ ಹಿಂಗೆ ಮಾಡಿದರೆ ಹೇಗೆ ಮಹಾರಾಯ?

ಇಂಟರ್ನಲ್ಸ್‌ನಲ್ಲಿ ಇಪ್ಪತ್ತೈದಕ್ಕೆ ಹದಿನೆಂಟು. ಹೋದ ಸಲ ಏಳು. ಪೇಪರ್ ಕೊಡುವಾಗ ಮೇಡಂ ನನ್ನ ಮುಖವನ್ನೇ ನೋಡಿದರು, ಕಾಪಿ ಹೊಡೆದಳೋ ಏನೋ ಎಂದು! ಈಗ ಲಾವಣ್ಯಳೂ ಬಣ್ಣದ ಪೆನ್ನು ಮೂಲೆಗೆಸೆದು, "ನಿಮ್ಮಪ್ಪನ ಮುಂದಿನ ಪ್ರಶ್ನೆ ಏನೇ?" ಎಂದು ಕಾಯುತ್ತಾಳೆ. ನಾನು ಅವಳಿಗೆ ಹೇಳಿಕೊಡುತ್ತೇನೆ. ಹೇಳಿಕೊಡುವಾಗ ಎಲ್ಲಿ ತಡವರಿಸುತ್ತೇನೋ ಅಲ್ಲಿ ನನಗೇ ಗೊತ್ತಿಲ್ಲ ಎಂದು ತಿಳಿಯುತ್ತದೆ.

ಉತ್ತರಗಳು ಹಿಂದಿನ ಹಾಳೆಯಲ್ಲಿವೆ. ಎರಡೂ ನೋಡದೆ ಬರೆದದ್ದು.

ದೀಪು

—

ಮಾದನಾಯಕನಹಳ್ಳಿ
13 ಅಕ್ಟೋಬರ್ 2024

ದೀಪು,

ಆಯುಧಪೂಜೆ ಜೋರಾಗಿ ಆಯಿತು. ಪೀಣ್ಯದ ರಸ್ತೆಯಲ್ಲೆಲ್ಲ ಬೂದುಗುಂಬಳ ಒಡೆದು ಕಾಲಿಡಲು ಜಾಗವಿರಲಿಲ್ಲ. ನನ್ನ ಲೇಥ್‌ಗೆ ನಾನೇ ಕುಂಕುಮ ಇಟ್ಟೆ.

ಒಂದು ಬೇಜಾರಿನ ಸಂಗತಿ. ಹಿಂದಿನ ವಾರ ನಾನು ಮಾಡಿದ ನಲವತ್ತು ಜಾಬು ರಿಜೆಕ್ಟ್ ಆದವು. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು. ಮೈಕ್ರೋಮೀಟರ್ ಕೆಟ್ಟಿದೆ ಎಂದು ಕಾಣುತ್ತದೆ. ಅಳತೆ ನೋಡುತ್ತೇನೆ, ತಿರುಗುವಷ್ಟರಲ್ಲಿ ಬೇರೆಯಾಗಿರುತ್ತದೆ. ಫ್ಯಾಕ್ಟರಿ ಸಾಹುಕಾರರು ತಾವೇ ಅವನ್ನೆಲ್ಲ ಗುಜರಿ ಡಬ್ಬಿಗೆ ಹಾಕಿದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಚಿಕ್ಕಬೈರಪ್ಪನ ಮಗಳಿಗೆ ಗಂಡು ಗೊತ್ತಾಗಿದೆ, ನೆಲಮಂಗಲದವರು. ನಿನಗೆ ಹೇಳೋಣ ಎಂದುಕೊಂಡೆ.

ದೀಪಾವಳಿಗೆ ಬರಬೇಡ. ಹೋಗಿ ಬರುವುದರಲ್ಲಿ ನಾಲ್ಕು ದಿನ ಹಾಳು, ಹಿಡಿದ ಕ್ರಮ ತಪ್ಪುತ್ತದೆ. ಪರೀಕ್ಷೆ ಮುಗಿಸಿಯೇ ಬಾ.

ಯೀಲ್ಡ್ ಪಾಯಿಂಟ್ ಅಂದರೆ ಏನು? ಶಾಖ, ಉಷ್ಣತೆ ಒಂದೇನಾ?

ಅಪ್ಪ

—

ಕಾರವಾರ
24 ಅಕ್ಟೋಬರ್ 2024

ಅಪ್ಪಾ,

ಚಿಕ್ಕಬೈರಪ್ಪ ಮಾಮನ ಮಗಳ ಮದುವೆ ಸುದ್ದಿ ನೀನು ಹೋದ ತಿಂಗಳೇ ಹೇಳಿದ್ದೆ. ಸುದ್ದಿಯನ್ನೂ ಎಂಟು ದಿನಕ್ಕೆ ತಿಂಗಳಿಗೆ ತಿರುಗಿಸುವುದಕ್ಕೆ ಶುರು ಮಾಡಿದೆಯಾ? ಲಾವಣ್ಯ ನಕ್ಕಿದ್ದೇ ನಕ್ಕಿದ್ದು.

ಮೈಕ್ರೋಮೀಟರ್ ಚೆಕ್ ಮಾಡಿಸು. ನಿನ್ನ ಕೈಯಿಂದ ತಪ್ಪು ಆಗಿರಲು ಸಾಧ್ಯವೇ ಇಲ್ಲ.

ಈ ಸಲ ಯೀಲ್ಡ್ ಪಾಯಿಂಟು ನನ್ನ ಮಾತಿನಲ್ಲಿ. ನನ್ನ ನೀಲಿ ಸ್ವೆಟರಿನ ತೋಳು ನೆನಪಿದೆಯಾ? ದಿನಾ ಎಳೆದು ಮುಷ್ಟಿಯೊಳಗೆ ಹಿಡಿದುಕೊಳ್ಳುತ್ತಿದ್ದೆ. ಮೊದಮೊದಲು ತಾನೇ ಮೇಲೆ ಹೋಗುತ್ತಿತ್ತು, ಒಂದು ದಿನ ಜೋತುಬಿದ್ದದ್ದು ಜೋತುಬಿದ್ದೇ ಹೋಯಿತು. ಅಷ್ಟೇ. ಮೂರನೇ ಸಲ ತಮ್ಮ ಮಾತಲ್ಲಿ ಹೇಳುತ್ತಾರೆ ಎಂದೆಯಲ್ಲ, ಹೇಳಿಬಿಟ್ಟೆ ನೋಡು!

ದೀಪಾವಳಿಗೆ ಬರುವುದಿಲ್ಲ. ಹಾಸ್ಟೆಲ್ ಅರ್ಧ ಖಾಲಿಯಾಗುತ್ತದೆ, ಓದಿಕೊಳ್ಳುತ್ತೇನೆ. ನಿನ್ನ ದನಿ ಕೇಳಬೇಕು ಅನ್ನಿಸುತ್ತದೆ. ಭಾನುವಾರ ಅಮ್ಮನನ್ನು ಕೇಳಿದರೆ, "ಅವ್ರು ಪತ್ರ ಬರೀತಾರಲ್ಲ, ಸಾಕು ಬಿಡು" ಅಂತಾಳೆ. ನೀನು ಒಳ್ಳೇ ಹಟಮಾರಿ ಕಣಪ್ಪ.

ದೀಪು

—

ಮಾದನಾಯಕನಹಳ್ಳಿ
19 ನವೆಂಬರ್ 2024

ದೀಪು,

ಕೆಲಸ ಕಮ್ಮಿ ಇದೆ. ಮನೆಯಲ್ಲೇ ಇದ್ದೇನೆ. ಮೆಟ್ರೋ ಮಾದಾವರದ ತನಕ ಬಂತು. ನೋಡಲು ಹೋದವನು ಕೂತೇ ಇದ್ದೆ, ಎಲ್ಲಿ ಇಳಿಯಬೇಕೆಂದು ಹೊಳೆಯಲಿಲ್ಲ. ಜಾಸ್ತಿ ಜನ ಇದ್ದರು, ಅದಕ್ಕೇ.

ಯೀಲ್ಡ್ ಪಾಯಿಂಟ್ ಅಂದರೆ ಏನು?

ಇನ್ನೂ ಕೆಲವು ಪ್ರಶ್ನೆ ಇವೆ. ಪೀಣ್ಯದಿಂದ ಬರುವಾಗ ನಮ್ಮನೆಗೆ ಯಾವ ಸ್ಟಾಪಿನಲ್ಲಿ ಇಳಿಯಬೇಕು, ಇಳಿದು ಯಾವ ಕಡೆ ತಿರುಗಬೇಕು? ನನ್ನ ಲೇಥ್ ಯಾವ ಸಾಲಿನಲ್ಲಿ ಇದೆ? ನಿನ್ನ ಹುಟ್ಟಿದ ದಿನ ಯಾವುದು? ನಿಮ್ಮಮ್ಮನಿಗೆ ಯಾವ ಹಬ್ಬಕ್ಕೆ ಸೀರೆ ತರುತ್ತಿದ್ದೆ? ಎಲ್ಲ ವಿವರವಾಗಿ ಬರಿ. ದಪ್ಪ ಅಕ್ಷರದಲ್ಲಿ ಬರಿ. ಬೇಗ ಬರಿ.

ಯೀಲ್ಡ್ ಪಾಯಿಂಟ್ ಬಗ್ಗೆಯೂ ಬರಿ.

ಲಕ್ಷ್ಮಯ್ಯ, ಟರ್ನರ್

—

ಕಾರವಾರ
5 ಡಿಸೆಂಬರ್ 2024

ಅಪ್ಪ,

ಇದೇನು ಹೊಸ ಆಟ? ಟರ್ನರ್ ಲಕ್ಷ್ಮಯ್ಯನವರು ಅಂತೆ. ಪರೀಕ್ಷೆಗೆ ಸರಿಯಾಗಿ ಒಂದು ತಿಂಗಳಿದೆ. ಒಂಬತ್ತು ಸಬ್ಜೆಕ್ಟು ತಲೆ ಮೇಲೆ ಕೂತಿವೆ. ನಮ್ಮನೆ ಎಲ್ಲಿದೆ, ನನ್ನ ಬರ್ತ್‌ಡೇ ಯಾವತ್ತು ಎಂದು ಯಾವ ಯೂನಿವರ್ಸಿಟಿಯವರೂ ಕೇಳುವುದಿಲ್ಲ.

ಮಾದನಾಯಕನಹಳ್ಳಿ ಸ್ಟಾಪು, ಹಾಲಿನ ಬೂತಿನ ಪಕ್ಕದ ರಸ್ತೆ, ಎಡಗಡೆ ಮೂರನೇ ಮನೆ, ಹಸಿರು ಗೇಟು. ಕಿಟಕಿ ಕಡೆಯ ಸಾಲು, ಎರಡನೇ ಲೇಥ್. ಮಾರ್ಚ್ ಹನ್ನೊಂದು. ಗೌರಿ ಹಬ್ಬ. ಆಯ್ತಾ?

ಯೀಲ್ಡ್ ಪಾಯಿಂಟು ಐದು ಸಲ ಕೇಳಿದ್ದೀಯ. ಒಂದೇ ಪತ್ರದಲ್ಲಿ ಎರಡು ಸಲ. ದಯವಿಟ್ಟು ಕೇಳಿದ್ದನ್ನೇ ಕೇಳಬೇಡ. ಹೊಸದಿದ್ದರೆ ಬರಿ, ಇಲ್ಲದಿದ್ದರೆ ಬಿಡು. ನನಗೆ ಟೈಮಿಲ್ಲ.

ದೀಪಶ್ರೀ

—

ಕಾರವಾರ
1 ಜನವರಿ 2025

ಅಪ್ಪಾ,

ನಾನು ಬರೆದು ಇಪ್ಪತ್ತೇಳು ದಿನವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕೋಪಾನಾ? ಆ ದಿನ ಮ್ಯಾಥ್ಸ್ ಲೆಕ್ಕ ಒಂದೂ ಬಂದಿರಲಿಲ್ಲ, ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ಕಾರಿಕೊಂಡೆ. ಪೋಸ್ಟ್ ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ಹೋಗುತ್ತದೆಯಾ ಎಂದೂ ನೋಡಿದೆ. ಅಮ್ಮನನ್ನು ಕೇಳಿದರೆ "ಪರೀಕ್ಷೆ ಮುಗೀಲಿ" ಎಂದು ಫೋನಿಟ್ಟುಬಿಡುತ್ತಾಳೆ.

ಆರನೇ ತಾರೀಕು ಶುರು, ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ. ಈಗ ಭಯವಿಲ್ಲ ಅಪ್ಪ. ಯಾವ ಅಧ್ಯಾಯ ಕೇಳಿದರೂ ಪುಸ್ತಕ ಮುಚ್ಚಿ ಹೇಳುತ್ತೇನೆ. ಇದು ನಿನ್ನಿಂದ ಆದದ್ದು. ಯಾವ ಪ್ರಶ್ನೆಯಾದರೂ ಸರಿ, ಒಂದೇ ಒಂದು ಕಳಿಸು. ಹಳೆಯದಾದರೂ ಪರವಾಗಿಲ್ಲ.

ದೀಪು

—

ಮಾದನಾಯಕನಹಳ್ಳಿ
20 ಜನವರಿ 2025

ದೀಪು, ನಿಮ್ಮಮ್ಮ ಮಹಾಲಕ್ಷ್ಮಿ ಬರಿಯೋದು.

ಏಳನೇ ಕ್ಲಾಸ್ ಆದ್ಮೇಲೆ ಇವತ್ತೇ ಪೆನ್ನು ಇಡಿದಿರೋದು. ತಪ್ಪಿದ್ರೆ ಸೈಸ್ಕೊ. ನಿನ್ ಪರೀಕ್ಷೆ ಮುಗಿಯೋ ಒತ್ತಿಗೆ ಇದು ಕೈಗೆ ಸಿಗ್ಲಿ ಅಂತ ದಿನ ಎಣಿಸ್ಕಂಡು ಆಕ್ತಿದೀನಿ. ಮನೆಗೆ ಬಂದು ಬಾಗಿಲಲ್ಲಿ ನಿಂತ್ಕಂಡು ನಿಂಗೆ ಗೊತ್ತಾಗಬಾರ್ದು.

ನಿಮ್ಮಪ್ಪಂಗೆ ಮರೆವು. ಓದ ವರ್ಷ ಯುಗಾದಿಯಿಂದಲೇ ಇತ್ತು. ಮೊದ್ಲು ನಂಗೂ ಯೋಳ್ಲಿಲ್ಲ. ತಲೆ ಒಳಗೆ ಸಣ್ಣ ಸಣ್ಣ ನರ ಕಟ್ಕಂಡವೆ, ಒಂದೊಂದು ಕಟ್ಕಂಡಾಗ್ಲೂ ಒಂದೊಂದು ಮೆಟ್ಲು ಇಳೀತಾರೆ ಅಂದ್ರು ಡಾಕ್ಟ್ರು. ಆಯುಧಪೂಜೆ ಆದ್ಮೇಲೆ ಸಾಹುಕಾರ್ರೇ ಮನೆತಂಕ ಬಂದು, ಲಕ್ಷ್ಮಯ್ಯಣ್ಣ ಮೆಷಿನ್‌ಗೆ ಕೈ ಕೊಟ್ಟಾನು, ಬ್ಯಾಡಮ್ಮ ಅಂದು ಕಣ್ಣೊರೆಸ್ಕಂಡು ಓದ್ರು.

ನಿನ್ನ ಫೋನು ಇಸ್ಕಂಡಿದ್ದು, ಪತ್ರ ಬರಿ ಅಂದಿದ್ದು, ನೀನು ಓದ್ಲಿ ಅಂತ ಅರ್ಧ. ಫೋನಲ್ಲಿ ಮಾತಾಡಿದ್ರೆ ಸಿಕ್ಕಾಕ್ಕೋತೀನಿ ಅಂತ ಅರ್ಧ. ಬೀರು ಮುಂದೆ ನಿಂತು ನಂಗೆ ಆಣೆ ಆಕ್ಸಿದ್ರು. "ನಂಗೆ ಮರೆವು ಬಂದದೆ ಲಕ್ಷ್ಮಿ, ಅವ್ಳಿಗೆ ಬರಬಾರ್ದು. ಅವಳ ಪರೀಕ್ಷೆ ಮುಗಿಯಗಂಟ ಯೋಳ್ಬ್ಯಾಡ" ಅಂದ್ರು. ಯೋಳ್ಬೇಕಿತ್ತು ಕಣೇ. ಇಟ್ಕಂಡೇ ಕುಂತೆ, ಕೆಟ್ಟೋಳು ನಾನು.

ನೀನು ಕೇಳಿದ್ದೇ ಕೇಳಬ್ಯಾಡ ಅಂತ ಬರದೆಯಲ್ಲ, ಅದಾದ್ಮೇಲೆ ಅವ್ರು ಪೆನ್ನು ಮುಟ್ಲಿಲ್ಲ. ಪೇಪರ್ ಇಟ್ಕಂಡು ಕುಂತು, "ಇದು ಕೇಳಿದೀನೇನೆ ಲಕ್ಷ್ಮಿ? ಇದು ಕೇಳಿದೀನೇನೆ?" ಅಂತ ನನ್ನ ಕೇಳೋರು. ಆಮೇಲೆ ಮಡಚಿಟ್ಬಿಡೋರು. ನಿನ್ನ ಬಯ್ಯಕ್ಕೆ ಇದು ಬರೀತಿಲ್ಲ. ಅದೇ ಪತ್ರದಲ್ಲಿ ಮನೆ ದಾರಿ ಬರದಿದ್ದೆ ನೋಡು, ಅದ ಜೇಬಲ್ಲಿ ಇಟ್ಕಂಡು ಒಂದಿನ ದಾಸರಹಳ್ಳಿಯಿಂದ ಯಾರ್ ಯಾರಿಗೋ ತೋರಿಸ್ಕಂಡು ಮನೆ ಸೇರಿದ್ರು. ನಿನ್ ಪತ್ರ ಇಲ್ದಿದ್ರೆ ಅವತ್ತು ನಿಮ್ಮಪ್ಪ ಸಿಗ್ತಿರ್ಲಿಲ್ಲ.

ಧೈರ್ಯ ತಂದ್ಕೊಂಡು ಬಾ. ಅವ್ರು ನಿನ್ನ ಗುರುತು ಇಡೀದೆ ಇರಬೋದು. ಬಸ್ಸಲ್ಲಿ ಎಷ್ಟು ಬೇಕೋ ಅಷ್ಟು ಅತ್ಬಿಡು. ಮನೇಲಿ ಅಳಬ್ಯಾಡ, ಅವ್ರು ಎದರ್ಕೋತಾರೆ.

ಅಮ್ಮ

—

ಮಾದನಾಯಕನಹಳ್ಳಿ
21 ಫೆಬ್ರವರಿ 2025

ಅಪ್ಪಾ,

ಈ ಪತ್ರವನ್ನು ನಿನಗೆ ಕೊಡುವುದಿಲ್ಲ. ನೀನು ಪಕ್ಕದ ರೂಮಿನಲ್ಲೇ ಕೂತಿದ್ದೀಯ. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಂದ ದಿನ ಹಸಿರು ಗೇಟು ತೆಗೆದವನು ನೀನೇ. ನನ್ನ ಬ್ಯಾಗು ನೋಡಿದೆ, ಮುಖ ನೋಡಿದೆ. "ಬನ್ನಿ ಮೇಡಂ, ಕೂತ್ಕೊಳ್ಳಿ. ನಮ್ಮನೆಯವ್ಳು ಗಾರ್ಮೆಂಟ್ಸ್‌ಗೆ ಹೋಗವ್ಳೆ, ಈಗ ಬತ್ತಾಳೆ" ಎಂದು ಕುರ್ಚಿ ಒರೆಸಿ ಕೊಟ್ಟೆ. ನನ್ನನ್ನು ಹೊತ್ತು ತಿರುಗಿದವನು ನನಗೆ ನೀವು ಅಂದೆ ಅಪ್ಪ. ಬಸ್ಸಿನಲ್ಲೇ ಎಲ್ಲ ಅತ್ತು ಮುಗಿಸಿದ್ದೇನೆ ಅಂದುಕೊಂಡಿದ್ದೆ.

"ನಾನು ದೀಪು ಅಪ್ಪ" ಅಂದೆ. ನೀನು ನಕ್ಕೆ. "ದೀಪು ಕಾರವಾರದಲ್ಲಿ ಓದ್ತಾ ಅವಳೆ" ಎಂದು ಒಳಗಿನಿಂದ ಪ್ಲಾಸ್ಟಿಕ್ ಕವರು ತಂದು ನನ್ನ ಪತ್ರಗಳನ್ನೆಲ್ಲ ಮುಂದಿಟ್ಟೆ. ಕನ್ನಡಕ ಸರಿಯಿಲ್ಲ, ನೀವೇ ಓದಿ ಹೇಳಿ ಅಂದೆ. ನಾನು ಬರೆದದ್ದನ್ನು ನಾನೇ ನಿನಗೆ ಓದಿದೆ. ಸ್ವೆಟರಿನ ತೋಳು ಬಂದಾಗ, "ಎಂಗೆ ಬರ್ದವ್ಳೆ ನೋಡಿ" ಎಂದು ನೀನು ತೊಡೆ ತಟ್ಟಿಕೊಂಡೆ. ಡಿಸೆಂಬರಿನದ್ದು ಬಂದಾಗ ಮಡಚಿ ಕೆಳಗಿಟ್ಟೆ. ಬಿಟ್ಟು ಮುಂದಕ್ಕೆ ಹೋದೆ. ನಾಲ್ಕು ವಾರದಿಂದ ದಿನಾ ಇದೇ. ದಿನಾ ನೀನು ಹೊಸದಾಗಿ ಖುಷಿಪಡುತ್ತೀಯ, ನಾನು ದಿನಾ ಅದೊಂದನ್ನು ಬಿಡುತ್ತೇನೆ.

ನೀನು ಕೇಳಿದ್ದನ್ನೆಲ್ಲ ನಾನು ಪಾಠ ಅಂದುಕೊಂಡೆ ಅಪ್ಪ. ನಲವತ್ತು ಜಾಬು ರಿಜೆಕ್ಟ್ ಆದಾಗ ಗೊತ್ತಾಗಬೇಕಿತ್ತು. ಮನೆ ದಾರಿ ಕೇಳಿದಾಗಲಾದರೂ ಗೊತ್ತಾಗಬೇಕಿತ್ತು. ದೀಪಾವಳಿಗೆ ಬಂದಿದ್ದರೆ ನೀನು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದೆ. ಅದನ್ನು ನೆನೆಸಿಕೊಂಡರೆ ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಿನ್ನೆ ರಿಸಲ್ಟ್ ಬಂತು. ಒಂಬತ್ತೂ ಪಾಸು. ಓಡಿಬಂದು ನಿನ್ನ ಕೈ ಹಿಡಿದು ಹೇಳಿದೆ. ನೀನು ಕೈ ಬಿಡಿಸಿಕೊಂಡು, "ಒಳ್ಳೇದಾಗ್ಲಮ್ಮ. ನಮ್ಮ ಮಗಳದ್ದೂ ಬರ್ಬೇಕು. ಅವಳಿಂದ ಪತ್ರ ಬಂದು ಬಾಳ ದಿನ ಆಯ್ತು, ಏನಾದ್ಲೋ" ಎಂದು ಗೇಟಿನ ಕಡೆ ನೋಡಿದೆ.

ಅಮ್ಮ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ. ನಾನು ಕೊಟ್ಟ ಮಾತ್ರೆಯನ್ನು ನೀನು ನುಂಗುವುದಿಲ್ಲ, ಗುರುತಿಲ್ಲದವರ ಕೈಯಿಂದ ಏನೂ ತಗೊಳ್ಳಲ್ಲ ಎಂದು ತುಟಿ ಬಿಗಿಯುತ್ತೀಯ. ತಪ್ಪಿಸಿದರೆ ಇನ್ನೊಂದು ಮೆಟ್ಟಿಲು ಇಳಿಯುತ್ತಾರೆ ಎಂದು ಡಾಕ್ಟರು ಬೈದಿದ್ದಾರೆ. ಕಾಲೇಜು ಶುರುವಾಗಲು ಇನ್ನು ಹತ್ತೇ ದಿನ. ಓದು ಬಿಡುತ್ತೇನೆ ಅಂದಿದ್ದಕ್ಕೆ ಅಮ್ಮ ಕೆನ್ನೆಗೆ ಬಾರಿಸಿದಳು. ಈ ಹತ್ತು ದಿನವಾದರೂ ನೀನು ನನ್ನ ಕೈಯಿಂದ ಮಾತ್ರೆ ತಗೋಬೇಕು.

ನನ್ನ ಮುಖವನ್ನು ನೀನು ನಂಬುವುದಿಲ್ಲ. ನನ್ನ ಅಕ್ಷರವನ್ನು ನಂಬುತ್ತೀಯ. ಇನ್ನೊಂದು ಪತ್ರ ಬರೆದು ನಾಳೆ ನೆಲಮಂಗಲದ ಡಬ್ಬಿಗೆ ಹಾಕಿ ಬರುತ್ತೇನೆ. ಪೋಸ್ಟ್‌ಮ್ಯಾನ್ ಕೈಯಿಂದಲೇ ಬರಲಿ.

—

ಕಾರವಾರ
22 ಫೆಬ್ರವರಿ 2025

ಅಪ್ಪಾ,

ರಿಸಲ್ಟ್ ಬಂತು. ಒಂಬತ್ತೂ ಪಾಸು. ಚಿಕ್ಕಬೈರಪ್ಪ ಮಾಮನಿಗೂ ಹೇಳು.

ತಡವಾಗಿ ಬರೆದದ್ದಕ್ಕೆ ಕ್ಷಮಿಸು. ನಿನಗೆ ಏನು ಕೇಳಬೇಕು ಅನ್ನಿಸಿದರೂ ಕೇಳು, ಎಷ್ಟು ಸಲ ಬೇಕಾದರೂ ಕೇಳು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನನಗೆ ಈಗಲೇ ಬರಲು ಆಗುತ್ತಿಲ್ಲ. ನಮ್ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳಲ್ಲ, ಬ್ಯಾಗು ಹಿಡಿದುಕೊಂಡು ಬಂದವಳು, ಅವಳನ್ನು ಕಳಿಸಿದ್ದು ನಾನೇ. ನನಗೆ ಚೆನ್ನಾಗಿ ಗೊತ್ತಿರುವವಳು, ಹೆದರಬೇಡ. ಬೆಳಗ್ಗೆ ಅವಳು ಮಾತ್ರೆ ಕೊಟ್ಟರೆ ತಗೋ. ಅನ್ನ ಕಲಸಿ ಕೊಟ್ಟರೆ ತಿನ್ನು. ಹಾಲಿನ ಬೂತಿನ ತನಕ ಹೋಗುವಾಗ ಅವಳ ಕೈ ಹಿಡಿದುಕೊಂಡು ನಡಿ. ಅವಳಿಗೆ ಮೇಡಂ ಗೀಡಂ ಅನ್ನಬೇಡ, ನೀನು ಅನ್ನು, ಸಾಕು. ಒಂದೊಂದು ಸಲ ಅವಳು ಸುಮ್ಮಸುಮ್ಮನೆ ಅಳುತ್ತಾಳೆ. ಆಗ ಏನೂ ಕೇಳಬೇಡ, ತಲೆ ಮೇಲೆ ಒಂದು ಸಲ ಕೈಯಿಡು. ಅವಳಿಗೆ ಅವರಪ್ಪನ ನೆನಪಾಗಿರುತ್ತದೆ.

ನಿನ್ನ ಮಗಳು
ದೀಪಶ್ರೀ